ಪಾಕದ ಹದ, ಪಾಠದ ಹದ

ಆಲೆಮನೆಯಲ್ಲಿ ಬೆಲ್ಲ ಮಾಡುವ ಬಗೆಯನ್ನು ಇಂದು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಿ ತಿಳಿಯಬಹುದು. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿದು, ಸುಣ್ಣ ಹಾಕಿ ಕುದಿಸಬೇಕು, ಮೇಲೆ ಬಂದ ಕೊಳೆ ತೆಗೆಯಬೇಕು, ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸಬೇಕು. ಆದರೆ ಇಷ್ಟನ್ನೇ ಕಲಿತವನಿಗೆ ಮಂಡ್ಯದ ಯಾವ ಆಲೆಮನೆಯವರೂ ಕೊಪ್ಪರಿಗೆ ಒಪ್ಪಿಸಲಾರರು. ಕಬ್ಬಿನ ತಳಿ, ಬೆಳೆದ ಮಣ್ಣು, ಕಡಿದು ಎಷ್ಟು ಹೊತ್ತಾಯಿತೆಂಬುದು ಬದಲಾದಂತೆ ಪಾಕವೂ ಬೇರೆಯಾಗುತ್ತದೆ. ನುರಿತವರು ಗುಳ್ಳೆ, ಬಣ್ಣ, ವಾಸನೆ ಗಮನಿಸಿ, ತಣ್ಣೀರಿಗೆ ಒಂದಿಷ್ಟು ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಇಳಿಸುತ್ತಾರೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅವರ ವಿವರಣೆ ಅರ್ಧದಲ್ಲೇ ನಿಲ್ಲುತ್ತದೆ.

ಹಂಗೇರಿಯಲ್ಲಿ ಹುಟ್ಟಿದ ಮೈಕೆಲ್ ಪೊಲಾನಿ ಮಾತಿಗೆ ಸಿಗದ ಈ ಉಳಿದರ್ಧವನ್ನೇ ತತ್ತ್ವಶಾಸ್ತ್ರದ ವಿಷಯವಾಗಿಸಿದರು. ಮನುಷ್ಯನ ಅರಿವೆಲ್ಲ ಮಾತಿಗೆ ಇಳಿಯುವುದಿಲ್ಲ ಎಂಬುದು 1958 ಮತ್ತು 1966ರಲ್ಲಿ ಬಂದ ಅವರ ಪುಸ್ತಕಗಳ ತಿರುಳು. ಅವರು ಮೊದಲು ರಸಾಯನ ವಿಜ್ಞಾನಿಯಾಗಿದ್ದವರು. ಪ್ರಯೋಗಾಲಯದ ಕೆಲಸವೂ ಇಂಥ ಅರಿವಿನ ಮೇಲೆಯೇ ನಿಂತಿದೆ ಎಂದು ಕಂಡುಕೊಂಡಿದ್ದರು. ಅವರಿಗೂ ಮುಂಚೆ, 1949ರಲ್ಲಿ, ಬ್ರಿಟಿಷ್ ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ ಒಂದು ಗಟ್ಟಿ ಪ್ರಶ್ನೆ ಎತ್ತಿದ್ದರು: ನಿಯಮವನ್ನು ಎಲ್ಲಿ, ಯಾವಾಗ ಬಳಸಬೇಕೆಂದು ತಿಳಿಯಲು ಇನ್ನೊಂದು ನಿಯಮ ಬೇಕೆಂದರೆ, ಆ ನಿಯಮಕ್ಕೆ ಮತ್ತೊಂದು ಬೇಡವೇ? ಇದಕ್ಕೆ ಕೊನೆಯೇ ಇಲ್ಲ. ಎಲ್ಲೋ ಒಂದು ಕಡೆ ಮಾಡಿ ಮಾಡಿ ಬಂದ ವಿವೇಕ ಕೈ ಹಿಡಿಯಲೇಬೇಕು.

ಕಲಿಕೆಯಲ್ಲೂ ಇದೇ ಕಥೆ. ಮದ್ದೂರಿನ ಹುಡುಗಿಯೊಬ್ಬಳು ಗಣಿತದ ವಿಡಿಯೊ ನೋಡುತ್ತಾಳೆಂದುಕೊಳ್ಳಿ. ಎಲ್ಲವೂ ಅರ್ಥವಾದಂತಿರುತ್ತದೆ. ಖಾಲಿ ಹಾಳೆ ಎದುರಿಗಿಟ್ಟರೆ ಪೆನ್ನು ಎರಡನೇ ಸಾಲಿಗೇ ನಿಲ್ಲುತ್ತದೆ. ಅದು ಯಾಕೆ ನಿಂತಿತು ಎಂಬುದು ಪಕ್ಕದಲ್ಲಿ ನಿಂತ ಮೇಷ್ಟ್ರಿಗೆ ಕಾಣುತ್ತದೆ. ಮಳವಳ್ಳಿಯ ರೈತನ ಮಗ ಭತ್ತದ ಗರಿಯ ಚುಕ್ಕೆಗೆ ಮದ್ದು ಹುಡುಕಿದರೆ ಫೋನು ಹತ್ತು ಹೆಸರು ಕೊಡುತ್ತದೆ. ತನ್ನ ಗದ್ದೆಯ ಚುಕ್ಕೆ ಅವುಗಳಲ್ಲಿ ಯಾವ ರೋಗದ್ದು ಎಂಬುದನ್ನು ಅವನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ವಿಜ್ಞಾನಿಯೊಂದಿಗೋ ಅನುಭವಿ ರೈತರೊಂದಿಗೋ ಗದ್ದೆಗಿಳಿದು ನೋಡಿಯೇ ಕಲಿಯಬೇಕು.

ಪುಸ್ತಕಗಳು ವಿರಳವಾಗಿದ್ದ ಕಾಲದಲ್ಲಿ ಮೇಷ್ಟ್ರು ಪಾಠ ಹೇಳಿ ಬರೆಸುವುದೇ ದೊಡ್ಡ ಉಪಕಾರವಾಗಿತ್ತು. ಈಗ ಆ ಕೆಲಸವನ್ನು ಫೋನು ಮಾಡಲಿ. ಹಳ್ಳಿಯ ಮಗುವಿಗೆ ಅದರಿಂದ ಲಾಭವೇ ಆಗಿದೆ. ತರಗತಿಯ ಸಮಯ ಮಕ್ಕಳು ಲೆಕ್ಕ ಬಿಡಿಸುವುದಕ್ಕೆ, ತಪ್ಪುವುದಕ್ಕೆ, ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಹೋಗಿ ನೋಡುವುದಕ್ಕೆ ಸಿಗಬೇಕು. ತುಂಬಿ ತುಳುಕುವ ತರಗತಿಯಲ್ಲಿ, ಪಾಠ ಮುಗಿಸುವ ಒತ್ತಡದಲ್ಲಿ ಇದು ಆಗದು. ಸ್ಮಾರ್ಟ್ ಬೋರ್ಡ್ ಕೇಳುವ ಪೋಷಕರು ಮೊದಲು ಹಗುರಾದ ಪಠ್ಯವನ್ನೂ ಇನ್ನೊಬ್ಬ ಶಿಕ್ಷಕರನ್ನೂ ಕೇಳಬೇಕು.