ವಂಶಾವಳಿಯಲ್ಲಿ ಯಾರನ್ನು ಬಿಡುವುದು?

ಋಷಿಮೂಲ, ನದಿಮೂಲ ಹುಡುಕಬಾರದು ಎಂದು ಹಿರಿಯರು ಹೇಳುವುದುಂಟು. ನಮ್ಮ ಸೋದರತ್ತೆಯವರು ಇದಕ್ಕೆ ಇನ್ನೊಂದನ್ನು ಸೇರಿಸಿದರು: "ಮನೆಮೂಲವನ್ನಂತೂ ಹುಡುಕಲೇಬೇಡ ಕಣಪ್ಪ." ನಿವೃತ್ತನಾದ ಮೇಲೆ ನಮ್ಮ ಕುಟುಂಬದ ವಂಶಾವಳಿಯನ್ನು ಕಲೆಹಾಕಿ, ಕೈಯಿಂದ ಖರ್ಚು ಮಾಡಿ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸುತ್ತೇನೆಂದು ನಾನು ಹೊರಟಾಗ ಅವರು ಆಡಿದ ಮಾತಿದು. ಆಗ ನಕ್ಕು ಸುಮ್ಮನಾದೆ. ಆ ಮಾತಿನ ತೂಕ ತಿಳಿದದ್ದು ಆಮೇಲೆ.

ಇದಕ್ಕೆಲ್ಲ ಕಾರಣನಾದವನು ನನ್ನ ಮೊಮ್ಮಗ. ಸಕಲ ಆತ್ಮರ ದಿನದಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಿದ್ದಾಗ, ಕಲ್ಲಿಲ್ಲದ ಒಂದು ಮಣ್ಣುಗುಡ್ಡೆಯನ್ನು ತೋರಿಸಿ "ಇಲ್ಲಿರುವುದು ಯಾರು ತಾತ?" ಎಂದು ಕೇಳಿದ. "ನಮ್ಮವರೇ ಯಾರೋ" ಎಂದೆ. ಪ್ರತಿ ವರ್ಷ ಹೂವಿಡುತ್ತೇವೆ, ಪ್ರಾರ್ಥಿಸುತ್ತೇವೆ. ಹೆಸರು ಮಾತ್ರ ಗೊತ್ತಿಲ್ಲ. ನನಗೇ ನಾಚಿಕೆಯಾಯಿತು.

ನಮ್ಮ ನಾಡಿನ ಹಲವು ಮನೆತನಗಳಿಗೆ ಹೆಳವರಿದ್ದಾರೆ. ಎತ್ತಿನೊಂದಿಗೆ ಊರೂರು ಸುತ್ತಿ, ಮನೆಯ ಮುಂದೆ ನಿಂತು, ತಲೆತಲಾಂತರದ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುತ್ತಾರೆ. ನಮ್ಮ ಮನೆಗೆ ಹೆಳವರು ಬಂದದ್ದನ್ನು ಯಾರೂ ಕಂಡವರಿಲ್ಲ. ನಮ್ಮ ಹೆಳವನಿರುವುದು ದೇವಾಲಯದ ಕಚೇರಿಯ ಕಪಾಟಿನಲ್ಲಿ, ದಪ್ಪ ರಟ್ಟಿನ ರಿಜಿಸ್ಟರಿನ ರೂಪದಲ್ಲಿ. ಜ್ಞಾನಸ್ನಾನ ಮತ್ತು ಮದುವೆಗಳನ್ನು ಪ್ರತಿ ಧರ್ಮಕೇಂದ್ರದಲ್ಲಿಯೂ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ಇಂದಿನ ಧರ್ಮಸಭೆಯ ಕಾನೂನು, ಅಂದರೆ 1983ರದು, ಮರಣದ ದಾಖಲೆಯನ್ನೂ ಸೇರಿಸಿ ಅದನ್ನೇ ಹೇಳುತ್ತದೆ. ರಾಜರಿಗೂ ಜಮೀನ್ದಾರರಿಗೂ ಮಾತ್ರ ಇತಿಹಾಸವಿದ್ದ ಕಾಲದಲ್ಲಿ, ಕೂಲಿ ಮಾಡುವವಳ ಕೂಸಿಗೂ ಒಂದು ಸಾಲು ಸಿಕ್ಕಿದ್ದು ಈ ಪುಸ್ತಕಗಳಲ್ಲಿ.

ಹುಡುಕುವ ಕೆಲಸ ಸುಲಭವಲ್ಲ. ಮಂಗಳೂರು ಕಡೆಯ ಕಥೋಲಿಕರಿಗೆ ಲೋಬೊ, ಪಿಂಟೊ, ಡಿಸೋಜ ಎಂಬ ಮನೆತನದ ಹೆಸರುಗಳಿವೆ. ಆ ಸಮುದಾಯದ ಮನೆತನಗಳ ವಂಶಾವಳಿಯನ್ನು ಡಾ. ಮೈಕಲ್ ಲೋಬೊ ಅವರು ವರ್ಷಗಟ್ಟಲೆ ಶ್ರಮಿಸಿ ಕಲೆಹಾಕಿದ್ದಾರೆ. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆಯಲ್ಲಿ ಚದುರಿಹೋದ ಜನ ಅವರು. ಹಾಗಿದ್ದೂ ಹೆಸರೆಂಬ ಹಿಡಿಕೆಯೊಂದು ಉಳಿದಿದೆ. ನಮ್ಮಂಥ ಕನ್ನಡ ಕಥೋಲಿಕರಿಗೆ ಅದೂ ಇಲ್ಲ. ಅಪ್ಪನ ಹೆಸರೇ ಮಗನ ಇನಿಷಿಯಲ್. ಅದೂ ಮನೆಯಲ್ಲಿ ರಾಯಪ್ಪ, ರಿಜಿಸ್ಟರಿನ ಲತೀನಿನಲ್ಲಿ ಪೇತ್ರುಸ್. ಮನೆಯಲ್ಲಿ ಚಿನ್ನಪ್ಪ, ಅಲ್ಲಿ ಪೌಲುಸ್. ಅರುಳಪ್ಪ ಎಂದರೆ ಯೊವಾನ್ನೆಸ್, ಇನ್ನಾಸಪ್ಪ ಎಂದರೆ ಇಗ್ನಾಸಿಯುಸ್. ಒಂದೇ ಹಳ್ಳಿಯಲ್ಲಿ ಒಂದೇ ಕಾಲಕ್ಕೆ ಐವರು ಪೇತ್ರುಸರಿದ್ದರೆ ನಮ್ಮವರು ಯಾರು? ಹೆಂಡತಿಯ ಹೆಸರು, ಜ್ಞಾನತಂದೆಯ ಹೆಸರು, ಊರು, ಇವನ್ನೆಲ್ಲ ತಾಳೆ ನೋಡಿ ಮುಂದುವರಿಯಬೇಕು. ಗುರುಗಳ ಅನುಮತಿ ಪಡೆದು, ಅವರ ಕಣ್ಣೆದುರೇ ಕುಳಿತು ಎರಡು ವರ್ಷ ಈ ಕೆಲಸ ಮಾಡಿದೆ.

ಹೀಗೆ ಹುಡುಕುತ್ತಾ ಹೋದಾಗ ನಮ್ಮ ತಾತನವರ ತಾಯಿಯ ಸಾಲು ಸಿಕ್ಕಿತು. ವರ್ಷ 1877. ವಯಸ್ಸು ಸುಮಾರು ಆರು. ತಂದೆ-ತಾಯಿಯ ಖಾನೆಯಲ್ಲಿ ಎರಡೇ ಲತೀನ್ ಪದಗಳು. 'ಹೆತ್ತವರು ಯಾರೆಂದು ತಿಳಿಯದು' ಎಂದು ಅವುಗಳ ಅರ್ಥ. ಅದೇ ಪುಟದಲ್ಲಿ ಅದೇ ಎರಡು ಪದಗಳಿದ್ದ ಇನ್ನೂ ಹಲವು ಮಕ್ಕಳ ಸಾಲುಗಳಿದ್ದವು.

1877 ಎಂದರೆ ಏನೆಂದು ಇಂದಿನ ಮಕ್ಕಳಿಗೆ ಹೇಳಬೇಕಾಗುತ್ತದೆ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಯನ್ನು ಮಹಾ ಕ್ಷಾಮ ಹಿಂಡಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಕೆಂಗೇರಿಯ ಮೇಲೆ ಮೈಸೂರಿಗೆ ಹೋಗುವ ರೈಲುದಾರಿಯಲ್ಲಿ ನಾವು ಎಷ್ಟೋ ಸಲ ಓಡಾಡಿದ್ದೇವೆ. ಆ ದಾರಿಗೆ ಮೊದಲು ಮಣ್ಣು ಹೊತ್ತವರು ಬರ ಪರಿಹಾರದ ಕೂಲಿಗೆ ಬಂದ ಹಸಿದ ಜನ. ದಾರಿಯಲ್ಲಿ ಸತ್ತವರ ಮಕ್ಕಳನ್ನು ಕನ್ಯಾಸ್ತ್ರೀಯರೂ ಮಿಷನರಿ ಗುರುಗಳೂ ಎತ್ತಿ ತಂದು ಸಾಕಿದರು. ಅಂಥ ಒಬ್ಬ ಹುಡುಗಿ ನಮ್ಮ ಮುತ್ತಜ್ಜಿ.

ಈ ಸುದ್ದಿ ತಿಳಿದಾಗ ಮನೆಯಲ್ಲಿ ಮೂರು ಪಕ್ಷಗಳಾದವು. ಆ ಸಾಲನ್ನು ಬಿಟ್ಟುಬಿಡು ಎಂದರು ಅತ್ತೆ. ವಿಜಯನಗರದಲ್ಲಿರುವ ತಮ್ಮನ ಮಗ, "ಬಿಡುವುದೇಕೆ ದೊಡ್ಡಪ್ಪ, ಕೆಂಗೇರಿ ಕಡೆಯ ಒಕ್ಕಲು ಮನೆತನದ ಹೆಣ್ಣು ಎಂದು ಹಾಕಿ, ಯಾರು ಕೇಳುತ್ತಾರೆ?" ಎಂದ. ಇದ್ದದ್ದು ಇದ್ದ ಹಾಗೆ ಇರಲಿ ಎಂಬುದು ನನ್ನ ಪಕ್ಷ. ಅತ್ತೆಯ ಭಯಕ್ಕೆ ಕಾರಣವಿತ್ತು. ಬಸವೇಶ್ವರನಗರದ ನನ್ನ ತಂಗಿಯ ಮಗಳಿಗೆ ಗಂಡು ನೋಡುತ್ತಿದ್ದರು. ನಮ್ಮಲ್ಲಿ ಜಾತಿ ಇಲ್ಲ ಎಂದು ಪೂಜೆಯಲ್ಲಿ ಕೇಳುತ್ತೇವೆ, ಸಂಬಂಧ ಮಾತನಾಡುವಾಗ ಮಾತ್ರ "ನಿಮ್ಮದು ಮೂಲತಃ ಯಾವ ಕಡೆ?" ಎಂಬ ಪ್ರಶ್ನೆ ತಪ್ಪುವುದಿಲ್ಲ. "ಆ ಪುಸ್ತಕ ಗಂಡಿನ ಮನೆಯವರ ಕೈಗೆ ಸಿಕ್ಕಿದರೆ ಮಗುವಿನ ಗತಿ ಏನು? ಸತ್ತವಳ ಮಾನ ಕಳೆದು ಬದುಕಿರುವವಳ ಬಾಳು ಕೆಡಿಸುತ್ತೀಯಾ?" ಎಂದು ಅತ್ತೆ ಕಣ್ಣೀರು ಹಾಕಿದರು.

ಪ್ರಿಯ ಓದುಗರೇ, ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಸತ್ಯವೆಂದ ಮಾತ್ರಕ್ಕೆ ಎಲ್ಲವನ್ನೂ ಅಚ್ಚು ಹಾಕಿಸುವ ಹಕ್ಕು ನಮಗಿದೆಯೇ? ಇಲ್ಲವೆಂದೇ ಧರ್ಮಸಭೆಯ ಬೋಧನೆ. ಸುಳ್ಳು ಆರೋಪ ಹೊರಿಸುವುದು ಎಂತು ಪಾಪವೋ, ಸರಿಯಾದ ಕಾರಣವಿಲ್ಲದೆ ಇನ್ನೊಬ್ಬರ ನಿಜವಾದ ತಪ್ಪನ್ನು ತಿಳಿಯದವರಿಗೆ ಹೇಳುವುದೂ ಪಾಪವೇ ಎಂದು 1992ರ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಧರ್ಮಸಭೆಯ ಕಾನೂನು ಕೂಡ, ಅವಿವಾಹಿತ ತಾಯಿಯ ಮಗುವಿನ ಜ್ಞಾನಸ್ನಾನವನ್ನು ಬರೆಯುವಾಗ ಯಾರ ಹೆಸರನ್ನು ಯಾವ ಆಧಾರದ ಮೇಲೆ ಹಾಕಬೇಕು, ಯಾವಾಗ ಹಾಕಬಾರದು ಎಂದು ಎಚ್ಚರಿಕೆಯಿಂದ ಹೇಳಿದೆ. ಮೌನಕ್ಕೂ ಒಂದು ಧರ್ಮವಿದೆ. ನಾನೂ ಆ ಹುಡುಕಾಟದಲ್ಲಿ ಇನ್ನೊಂದು ಸಂಗತಿಯನ್ನು ಕಂಡೆ. ಅದು ಬದುಕಿರುವವರಿಗೆ ಸಂಬಂಧಿಸಿದ್ದು. ರಿಜಿಸ್ಟರು ಮುಚ್ಚಿದೆ. ಅದು ಪುಸ್ತಕದಲ್ಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಹಾಗಾದರೆ ಮುತ್ತಜ್ಜಿಯ ವಿಷಯದಲ್ಲಿಯೂ ಏಕೆ ಸುಮ್ಮನಿರಬಾರದು? ಬಹಳ ದಿನ ಯೋಚಿಸಿದೆ. ತಪ್ಪು ಬೇರೆ, ಕಷ್ಟ ಬೇರೆ. ತಪ್ಪನ್ನು ಮುಚ್ಚಿದರೆ ಅದು ದಯೆಯಾಗಬಹುದು. ಆದರೆ ಆರು ವರ್ಷದ ಹುಡುಗಿ ಬರದಲ್ಲಿ ಅನಾಥಳಾದದ್ದು ಯಾರ ತಪ್ಪು? ಅದನ್ನು ಮುಚ್ಚಿದೆವೆಂದರೆ ಅದೊಂದು ಕಳಂಕವೆಂದು ನಾವೇ ತೀರ್ಪು ಕೊಟ್ಟಂತಾಯಿತು. ಅವಳ ಮಾನ ಕಾಪಾಡುತ್ತೇವೆಂದು ಹೊರಟು, ಅವಳಿಗೆ ಇಲ್ಲದ ಅವಮಾನವನ್ನು ನಾವೇ ಹೊರಿಸಿದಂತೆ. ತಂದೆತಾಯಿಯರನ್ನು ಗೌರವಿಸು ಎಂಬ ಕಟ್ಟಳೆ ಅವರ ಹೆಸರನ್ನು ಅಳಿಸುವುದರಿಂದ ನೆರವೇರುತ್ತದೆಯೇ? ಇನ್ನು ಒಕ್ಕಲು ಮನೆತನದ ಹೆಣ್ಣು ಎಂದು ಬರೆಯುವುದು ಮೌನವೂ ಅಲ್ಲ, ಅದು ಸುಳ್ಳು. ಅಚ್ಚಾದ ಸುಳ್ಳು ಐವತ್ತು ವರ್ಷಗಳಲ್ಲಿ ಇತಿಹಾಸವಾಗುತ್ತದೆ. ನಮ್ಮ ಮೊಮ್ಮಕ್ಕಳು ಅದನ್ನು ನಂಬಿ, ಇನ್ನೊಬ್ಬರನ್ನು "ನಿಮ್ಮದು ಯಾವ ಕಡೆ?" ಎಂದು ಕೇಳುತ್ತಾರೆ.

ಈ ಆಸೆ ನಮ್ಮದು ಮಾತ್ರವಲ್ಲ. ದೂರದ ಮೆಕ್ಸಿಕೋ ದೇಶದ ಕಥೋಲಿಕರೂ ತಮ್ಮ ಮನೆತನದ ಪುಸ್ತಕಗಳನ್ನು ಹೀಗೆಯೇ ದೇವಾಲಯದ ರಿಜಿಸ್ಟರುಗಳಿಂದ ಬರೆಯುತ್ತಾರೆ. ಸ್ಪೇನಿನ ಆಳ್ವಿಕೆಯಲ್ಲಿ ಅಲ್ಲಿನ ಅನೇಕ ಧರ್ಮಕೇಂದ್ರಗಳು ಸ್ಪ್ಯಾನಿಷರಿಗೆ ಒಂದು, ಮಿಶ್ರಕುಲದವರಿಗೆ ಇನ್ನೊಂದು ಎಂದು ಬೇರೆ ಬೇರೆ ಪುಸ್ತಕಗಳನ್ನು ಇಡುತ್ತಿದ್ದವು. ಸ್ವಾತಂತ್ರ್ಯ ಬಂದ ಮೇಲೆ, 1822ರಲ್ಲಿ, ರಿಜಿಸ್ಟರಿನಲ್ಲಿ ಕುಲವನ್ನು ಬರೆಯಬಾರದೆಂದು ಆಜ್ಞೆಯಾಯಿತು. ಇಂದು ಸ್ಪೇನಿನ ಯಾವನೋ ವೀರನನ್ನು ಹುಡುಕಿ ಹೊರಟವರಿಗೆ ಮೂಲನಿವಾಸಿ ಅಜ್ಜಿಯೋ, ಆಫ್ರಿಕಾದಿಂದ ಗುಲಾಮನಾಗಿ ಬಂದ ಅಜ್ಜನೋ, 'ಹೆತ್ತವರು ತಿಳಿಯದ' ಕೂಸೋ ಸಿಗುತ್ತಾರೆ. ಅವರನ್ನು ಪುಸ್ತಕಕ್ಕೆ ಸೇರಿಸಬೇಕೇ ಬಿಡಬೇಕೇ ಎಂಬ ಪ್ರಶ್ನೆ ಅಲ್ಲಿಯೂ ಇದೆ.

ಸ್ವಲ್ಪ ಲೆಕ್ಕ ಮಾಡಿ ನೋಡಿ. ನಮಗೆ ಹೆತ್ತವರು ಇಬ್ಬರು. ಅಜ್ಜ-ಅಜ್ಜಿಯರು ನಾಲ್ವರು. ಅವರ ಹಿಂದೆ 8, ಮತ್ತೆ 16, ಐದನೆಯ ತಲೆಮಾರಿಗೆ 32 ಜನ. ನಮ್ಮ ಮನೆತನ ಎಂದು ಹೆಮ್ಮೆಪಡುವಾಗ ಈ 32 ಜನರಲ್ಲಿ ಒಬ್ಬನನ್ನು ಮಾತ್ರ ಆರಿಸಿಕೊಂಡು, ಉಳಿದ 31 ಜನರನ್ನು ಮರೆತಿರುತ್ತೇವೆ. ಮರೆತವರ ರಕ್ತವೂ ನಮ್ಮಲ್ಲಿ ಅಷ್ಟೇ ಇದೆ. ಅಂತ್ಯವಿಲ್ಲದ ವಂಶಾವಳಿಗಳಲ್ಲಿ ಮುಳುಗಬೇಡಿರೆಂದು ಸಂತ ಪೌಲರು ತಿಮೊಥೆಯನಿಗೆ ಎಚ್ಚರಿಸಿದ್ದು ಇಂಥ ಬರಿದಾದ ಹೆಮ್ಮೆಗೂ ಸಲ್ಲುತ್ತದೆ ಎಂದು ನನ್ನ ಅನಿಸಿಕೆ.

ಆದರೂ ಹೊಸ ಒಡಂಬಡಿಕೆ ಆರಂಭವಾಗುವುದೇ ಒಂದು ವಂಶಾವಳಿಯಿಂದ. ಪೂಜೆಯಲ್ಲಿ ಅದನ್ನು ಓದುವಾಗ ಹೆಸರುಗಳ ಪಟ್ಟಿ ಎಂದು ಆಕಳಿಸುತ್ತೇವೆ. ಸಂತ ಮತ್ತಾಯರು ಅಬ್ರಹಾಮನಿಂದ ದಾವೀದನವರೆಗೆ, ದಾವೀದನಿಂದ ಬಾಬಿಲೋನಿನ ಸೆರೆಯವರೆಗೆ, ಅಲ್ಲಿಂದ ಕ್ರಿಸ್ತರವರೆಗೆ ಹದಿನಾಲ್ಕು ಹದಿನಾಲ್ಕು ತಲೆಮಾರುಗಳನ್ನು ಎಣಿಸುತ್ತಾರೆ. ಗಂಡಸರ ಹೆಸರುಗಳಿಂದಲೇ ಆ ಪಟ್ಟಿ ಮುಗಿಯಬಹುದಿತ್ತು. ಆದರೆ ಅವರು ತಾಮಾರಳನ್ನು ಸೇರಿಸಿದರು, ಯೆರಿಕೋವಿನ ರಹಾಬಳನ್ನು ಸೇರಿಸಿದರು, ಪರದೇಶದ ವಿಧವೆ ರೂತಳನ್ನು ಸೇರಿಸಿದರು, ಊರೀಯನ ಹೆಂಡತಿಯನ್ನೂ ಬಿಡಲಿಲ್ಲ. ಮುಚ್ಚಿಡಲು ಸುಲಭವಾಗಿದ್ದವರನ್ನೇ ಹೆಸರಿಸಿದರು. ಲೋಕರಕ್ಷಕರ ಮನೆತನಕ್ಕೆ ಮುಚ್ಚಿಡುವುದು ಬೇಕಾಗಲಿಲ್ಲ ಎಂದ ಮೇಲೆ, ನಮ್ಮ ಮನೆತನ ಯಾವ ದೊಡ್ಡದು?

ನನ್ನ ನಿಲುವು ಗಟ್ಟಿಯಾಗಿದ್ದರೂ ಅಪಾಯ ನನ್ನದಾಗಿರಲಿಲ್ಲ, ತಂಗಿಯ ಮಗಳದಾಗಿತ್ತು. ಆದ್ದರಿಂದ ಅವಳನ್ನೇ ಕೇಳಿದೆ. ರಿಜಿಸ್ಟರಿನಿಂದ ಬರೆದುಕೊಂಡ ಸಾಲನ್ನು ಅವಳು ಎರಡು ಸಲ ಓದಿದಳು. "ಹಾಕಿ ಮಾವ. ಕೇಳಿದವರಿಗೆ ನಾನೇ ಕೊಡುತ್ತೇನೆ" ಎಂದಳು. ರಾಜಾಜಿನಗರದ ಒಂದು ಸಣ್ಣ ಮುದ್ರಣಾಲಯದಲ್ಲಿ ಇನ್ನೂರು ಪ್ರತಿ ಅಚ್ಚಾದವು. ಬಂಧುಗಳು ಕೈಲಾದಷ್ಟು ಹಣ ಹಾಕಿದರು. ತಮ್ಮನ ಮಗನೂ ಹಾಕಿದ.

ಎಲ್ಲವೂ ಚೆನ್ನಾಗಿ ಮುಗಿಯಿತೆಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಆಗ ಮಾತುಕತೆಯಲ್ಲಿದ್ದ ಸಂಬಂಧ ಕೂಡಿಬರಲಿಲ್ಲ. ಪುಸ್ತಕದಿಂದಲೋ ಬೇರೆ ಕಾರಣದಿಂದಲೋ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಸತ್ಯಕ್ಕೆ ಕೆಲವೊಮ್ಮೆ ಬೆಲೆ ಕೊಡಬೇಕಾಗುತ್ತದೆ. ಆ ಬೆಲೆಯನ್ನು ಕೊಟ್ಟವಳು ನಾನಲ್ಲ, ಆ ಹುಡುಗಿ ಎಂಬುದು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ. ಅವಳು ಮಾತ್ರ, "ಆ ಪುಟ ಓದಿ ಹಿಂದೆ ಸರಿಯುವವರಾದರೆ ಮೊದಲೇ ತಿಳಿದದ್ದು ಒಳ್ಳೆಯದಾಯಿತು" ಎಂದು ಎದ್ದು ಕೆಲಸಕ್ಕೆ ಹೋದಳು.

ಅತ್ತೆ "ನಾನು ಹೇಳಲಿಲ್ಲವೇ" ಎನ್ನಲಿಲ್ಲ. ಒಂದು ಸಂಜೆ ಜಪಸರ ಮುಗಿದ ಮೇಲೆ, "ಆ ಪುಟ ಓದು" ಎಂದರು. ಓದಿದೆ. ತುಂಬ ಹೊತ್ತು ಸುಮ್ಮನಿದ್ದು, "ಅಜ್ಜಿ ರಾಗಿ ಬೀಸುವ ಮೊದಲು ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿತ್ತು. ಯಾಕಜ್ಜಿ ಅಂದರೆ, ಯಾರಾದರೂ ಬಂದರೆ ಇರಲಿ ಅನ್ನುತ್ತಿತ್ತು. ಈಗ ಗೊತ್ತಾಯಿತು ಯಾಕೆ ಅಂತ" ಎಂದರು. ಎಂಬತ್ತು ದಾಟಿದ ಆ ಜೀವ ಈ ಮಾತನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಮೂಲವನ್ನು ಮುಚ್ಚಿಟ್ಟಾಗ ಆ ಹಿಡಿ ರಾಗಿಯೂ ಮುಚ್ಚಿಹೋಗಿತ್ತು.

ನಿಮ್ಮ ಮನೆಯಲ್ಲಿಯೂ ಇಂಥ ಕೆಲಸಕ್ಕೆ ಕೈಹಾಕುವವರಿದ್ದರೆ ಮೊದಲು ಹಿರಿಯರ ಬಾಯಿಮಾತನ್ನು ಬರೆದುಕೊಳ್ಳಿ, ರಿಜಿಸ್ಟರು ಕಾಯುತ್ತದೆ, ಅವರು ಕಾಯುವುದಿಲ್ಲ. ಕೇಳಿದ್ದನ್ನು ಕೇಳಿದ್ದೆಂದೇ ಬರೆಯಿರಿ, ದಾಖಲೆಯಲ್ಲಿ ಕಂಡದ್ದನ್ನು ಕಂಡದ್ದೆಂದು ಬರೆಯಿರಿ. ಬದುಕಿರುವವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹಾಕಬೇಡಿ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಿ, ಸುಳ್ಳಿನಿಂದ ತುಂಬಬೇಡಿ.

ಕೊನೆಯದಾಗಿ ಒಂದು ಮಾತು. ನಮ್ಮ ಮುತ್ತಜ್ಜಿಯ ಸಾಲಿನಲ್ಲಿ ಹೆತ್ತವರ ಹೆಸರಿಲ್ಲ ಎಂದೆನಲ್ಲ, ಅದರ ಪಕ್ಕದಲ್ಲಿ ಜ್ಞಾನತಾಯಿಯ ಖಾನೆ ಇದೆ. ಅಲ್ಲಿ ಒಬ್ಬ ಹೆಂಗಸಿನ ಹೆಸರಿದೆ. ಅವಳು ಯಾರೋ, ಯಾವ ಊರಿನವಳೋ. ಊರೆಲ್ಲ ಹಸಿದಿದ್ದ ಆ ವರ್ಷ, ಯಾರದ್ದೆಂದು ತಿಳಿಯದ ಒಂದು ಮಗುವನ್ನು ಮುಂದೆ ನಿಲ್ಲಿಸಿಕೊಂಡು, ಇವಳಿಗೆ ನಾನಿದ್ದೇನೆ ಎಂದು ಗುರುಗಳ ಮುಂದೆ ಹೇಳಿದವಳು. ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಅವಳ ಹೆಸರನ್ನು ಹಾಕಿದ್ದೇವೆ. ನವೆಂಬರ್ 2ರಂದು ಹೂವಿಡುವಾಗ ಅವಳಿಗೂ ಒಂದು ಮೇಣದಬತ್ತಿ ಹಚ್ಚುತ್ತೇವೆ.