ಗುಟ್ಟಿನ ದಾರಿ ಹಿಡಿದ ಸತ್ಯಾಗ್ರಹಿ

ಹುಬ್ಬಳ್ಳಿಯಿಂದ ಹರಿಹರದ ಕಡೆ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದರ ಹಿಂದೊಂದು ದಾಟಿ ಹೋಗುತ್ತದೆ. ಹಾವೇರಿಯ ನಿಲ್ದಾಣಕ್ಕೆ ಈಗ ಮಹದೇವಪ್ಪ ಮೈಲಾರ ಅವರ ಹೆಸರು. 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯಲ್ಲಿ ಬ್ರಿಟಿಷ್ ಸರಕಾರದ ಕಣ್ತಪ್ಪಿಸಿ ಈ ಸೀಮೆಯಲ್ಲಿ ಓಡಾಡಿದ ಮನುಷ್ಯನ ಹೆಸರನ್ನು ಸ್ವತಂತ್ರ ದೇಶದ ಸರಕಾರ ಬೋರ್ಡಿನ ಮೇಲೆ ಬರೆಸಿದೆ. 2018ರಲ್ಲಿ ಅಂಚೆ ಚೀಟಿಯನ್ನೂ ತಂದಿದೆ. ಸಲ್ಲಬೇಕಾದ ಗೌರವವೇ ಸಂದಿದೆ. ಆದರೆ ಬೋರ್ಡಿನಲ್ಲಾಗಲಿ ಚೀಟಿಯಲ್ಲಾಗಲಿ ಹಿಡಿಸಲಾಗದ ಒಂದು ಪ್ರಶ್ನೆ ಅವರ ಬಾಳಿನಲ್ಲಿದೆ. ಸತ್ಯಕ್ಕಾಗಿ ಹೋರಾಡುವವನು ಮರೆಯಲ್ಲಿ ನಿಂತು ಹೋರಾಡಬಹುದೇ?

ಮಹದೇವಪ್ಪನವರು ಹುಟ್ಟಿದ್ದು 1911ರಲ್ಲಿ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿಯ ಜೊತೆ ದಂಡಿಗೆ ಹೊರಟ ತಂಡದಲ್ಲಿದ್ದ ಏಕೈಕ ಕನ್ನಡಿಗ ಅವರು; ಆಗಿನ್ನೂ 18ರ ಹರೆಯ. ಆ ಯಾತ್ರೆಯಲ್ಲಿ ಗುಟ್ಟೆಂಬುದೇ ಇರಲಿಲ್ಲ. ಹತ್ತು ದಿನ ಮೊದಲೇ ಗಾಂಧೀಜಿ ವೈಸರಾಯ್ ಇರ್ವಿನ್‌ಗೆ ಕಾಗದ ಬರೆದು, ಉಪ್ಪಿನ ಕಾನೂನು ಮುರಿಯಲಿದ್ದೇವೆ ಎಂದು ತಿಳಿಸಿದ್ದರು. ನಡೆಯುವವರ ಹೆಸರುಗಳನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಪೊಲೀಸರು ಯಾರನ್ನೂ ಹುಡುಕಬೇಕಾಗಿರಲಿಲ್ಲ, ದಾರಿಯಲ್ಲಿ ಬಂದು ನಿಂತಿದ್ದರೆ ಸಾಕಿತ್ತು. ಬಚ್ಚಿಡಲು ಏನೂ ಇಲ್ಲದವನನ್ನು ಹೆದರಿಸುವುದು ಕಷ್ಟ ಎಂಬುದನ್ನು ಮೋಟೆಬೆನ್ನೂರಿನ ಹುಡುಗ ಪುಸ್ತಕದಿಂದ ಕಲಿಯಲಿಲ್ಲ, 24 ದಿನ ನಡೆದು ಕಲಿತ.

ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಕಾಲ ಬೇರೆಯಾಗಿತ್ತು. 1942ರ ಆಗಸ್ಟ್ 9ರ ಬೆಳಗಿನೊಳಗೆ ಕಾಂಗ್ರೆಸ್ಸಿನ ದೊಡ್ಡ ಮುಖಂಡರೆಲ್ಲ ಜೈಲು ಸೇರಿದರು. ಹೊರಗುಳಿದವರಲ್ಲಿ ಹಲವರು ಭೂಗತರಾದರು; ಮಹದೇವಪ್ಪನವರೂ ಅವರಲ್ಲೊಬ್ಬರು. ಕರ್ನಾಟಕದಲ್ಲಿ ಧಾರವಾಡದ ರಂಗರಾವ್ ದಿವಾಕರರಂಥ ಕಟ್ಟಾ ಗಾಂಧಿವಾದಿಯೂ ಆ ದಾರಿ ಹಿಡಿದರು. ತಂತಿ ಕತ್ತರಿಸುವುದು, ಚಾವಡಿಯ ದಫ್ತರಗಳನ್ನು ಸುಡುವುದು, ಕಂದಾಯದ ಹಣ ಸರಕಾರದ ಕೈಸೇರದಂತೆ ಮಾಡುವುದು ಹಳ್ಳಿಹಳ್ಳಿಯಲ್ಲಿ ನಡೆಯಿತು. ಜೀವಹಾನಿ ಆಗಬಾರದು ಎಂಬ ಕಟ್ಟು ಒಂದಿತ್ತು. ಆದರೆ 1930ರ ಬಯಲು ದಾರಿ ಹಿಂದೆ ಉಳಿದಿತ್ತು.

ಇದೇ ಯುದ್ಧಕಾಲದಲ್ಲಿ ಜಗತ್ತಿನ ಬೇರೆ ಕಡೆಗಳಲ್ಲಿ ಗುಟ್ಟಿನ ಕೆಲಸಕ್ಕೆ ಭಾರಿ ಬೆಲೆ ಬಂದಿತ್ತು. ಆಲ್ಫ್ರೆಡ್ ಹಿಚ್‌ಕಾಕ್ 1940ರಲ್ಲಿ ತೆಗೆದ ‘ಫಾರಿನ್ ಕರೆಸ್ಪಾಂಡೆಂಟ್’ ಗೂಢಚರ್ಯೆಯ ಸಿನಿಮಾಗಳಲ್ಲಿ ಹೆಸರಾದದ್ದು. ಅಮೆರಿಕದ ವರದಿಗಾರನೊಬ್ಬ ಸುಳ್ಳು ಹೆಸರು ಹೊತ್ತು ಯುರೋಪಿಗೆ ಬರುತ್ತಾನೆ. ಆಮ್‌ಸ್ಟರ್‌ಡಾಮಿನ ಮಳೆಯಲ್ಲಿ, ಮೆಟ್ಟಿಲ ತುಂಬ ಅರಳಿದ ಕೊಡೆಗಳ ನಡುವೆ ಒಬ್ಬನ ಕೊಲೆಯಾಗುತ್ತದೆ. ಕೊಂದವನು ಕೊಡೆಗಳ ಸಂದಿಯಲ್ಲೇ ನುಸುಳಿ ಮಾಯವಾಗುತ್ತಾನೆ. ಕೊನೆಯಲ್ಲಿ ನಾಯಕ ಬಾಂಬು ಬೀಳುತ್ತಿರುವ ಲಂಡನ್ನಿನಿಂದ ರೇಡಿಯೋದಲ್ಲಿ ತನ್ನ ದೇಶವನ್ನು ಎಚ್ಚರಿಸುತ್ತಾನೆ. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಇಳಿಸುವುದೇ ಆ ದೃಶ್ಯದ ಉದ್ದೇಶ. ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಕೂಡ ಪ್ರಚಾರದ ಕಲೆಯಲ್ಲಿ ಇದನ್ನು ಮೇಲ್ತರದ ಕೃತಿಯೆಂದು ಮೆಚ್ಚಿಕೊಂಡಿದ್ದ.

ನಾಜಿಗಳ ವಿರುದ್ಧ ಜನರನ್ನು ಎಬ್ಬಿಸಿದ್ದು ಒಳ್ಳೆಯ ಕೆಲಸವೇ. ಅದಕ್ಕೆ ಈ ಸಿನಿಮಾ ಆರಿಸಿಕೊಂಡ ಖಳನನ್ನು ಮಾತ್ರ ಗಮನಿಸಬೇಕು. ಅವನು ಶಾಂತಿ ಪಕ್ಷವೊಂದರ ಮುಖಂಡ, ಸಭ್ಯ, ಮೃದುಭಾಷಿ. ಶಾಂತಿಯ ಮಾತಿನ ಹಿಂದೆ ಅವನು ನಡೆಸುತ್ತಿರುವುದು ವೈರಿಯ ಬೇಹುಗಾರಿಕೆ. ಕಥೆಯನ್ನು ಹೀಗೆ ಹೆಣೆದ ಮೇಲೆ, ಯುದ್ಧ ಬೇಡ ಎನ್ನುವವನ ಮಾತಿಗೆ ಉತ್ತರ ಕೊಡಬೇಕಾಗಿಲ್ಲ. ಅವನ ಜೇಬು ತಡಕಿದರೆ ಸಾಕು.

ಭಾರತದಲ್ಲಿ ಬ್ರಿಟಿಷ್ ಸರಕಾರ ಹಿಡಿದದ್ದೂ ಇದೇ ಜಾಡನ್ನು. 1943ರ ಫೆಬ್ರವರಿಯಲ್ಲಿ ಗಾಂಧೀಜಿ ಆಗಾಖಾನ್ ಅರಮನೆಯ ಸೆರೆಯಲ್ಲಿ 21 ದಿನಗಳ ಉಪವಾಸದಲ್ಲಿದ್ದಾಗಲೇ, 1942ರ ಗಲಭೆಗಳಿಗೆಲ್ಲ ಕಾಂಗ್ರೆಸ್ಸೇ ಹೊಣೆ ಎಂದು ಸಾರುವ ಪುಸ್ತಿಕೆಯೊಂದನ್ನು ಅದು ಹೊರತಂದಿತು. ಅಹಿಂಸೆಯ ಮಾತಿನ ಹಿಂದೆ ಬೇರೆಯದೇ ಹಂಚಿಕೆಯಿದೆ, ಜಪಾನಿನ ಮುಂದೆ ಮಣಿಯುವ ಮನಸ್ಸಿದೆ ಎಂಬ ಧ್ವನಿ ಅದರಲ್ಲಿತ್ತು. ಮರೆಯಲ್ಲಿದ್ದ ಸತ್ಯಾಗ್ರಹಿಗಳ ಒಂದೊಂದು ಕೆಲಸವೂ ಈ ಆರೋಪಕ್ಕೆ ಸಾಕ್ಷಿಯಂತೆ ಒದಗುತ್ತಿತ್ತು. ಗುಟ್ಟಿಗೆ ತೆರಬೇಕಾದ ಮೊದಲ ಬೆಲೆ ಇದು: ಬಯಲಲ್ಲಿ ನಿಂತವನ ಮೇಲೆ ಸುಳ್ಳು ಹೊರಿಸುವುದು ಕಷ್ಟ, ಮರೆಯಲ್ಲಿದ್ದವನ ಮೇಲೆ ಏನು ಹೊರಿಸಿದರೂ ನಂಬುವವರಿರುತ್ತಾರೆ.

ಎರಡನೆಯ ಬೆಲೆಯನ್ನು ತೆರುವವರು ಬೇರೆಯವರು. ಭೂಗತನಾದವನು ತಾನು ಸುಳ್ಳಾಡದೆಯೂ ಇರಬಹುದು. ಇರುವ ಜಾಗ ಹೇಳದಿರುವುದು ಸುಳ್ಳಲ್ಲ ಎಂದು ವಾದಿಸಲೂಬಹುದು. ಆದರೆ ರಾತ್ರಿ ರೊಟ್ಟಿ ಬಡಿದು ಹಾಕಿದ ತಾಯಿ, ಬೆಳಿಗ್ಗೆ ಪೊಲೀಸರು ಬಾಗಿಲು ಬಡಿದಾಗ ‘ಯಾರೂ ಬಂದಿಲ್ರೀ’ ಎನ್ನಲೇಬೇಕು. ಅವನ ವ್ರತ ಉಳಿಯಲು ಅವಳು ತನ್ನ ಮಾತನ್ನು ಕಳೆದುಕೊಳ್ಳಬೇಕು. ಥ್ರಿಲ್ಲರ್‌ಗಳಲ್ಲಿ ಇಂಥ ಗಳಿಗೆ ಜಾಣತನವಾಗಿ ಮಿಂಚಿ ಹೋಗುತ್ತದೆ. ಧರ್ಮದ ಲೆಕ್ಕದಲ್ಲಿ ಅದು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಆ ತಾಯಿ ಮಾಡಿದ್ದು ತಪ್ಪೆಂದು ಹೇಳುವ ಧೈರ್ಯ ಯಾರಿಗೂ ಬರಲಾರದು. ಅವಳ ಮೇಲೆ ಆ ಹೊರೆ ಬಿತ್ತು ಎಂಬುದನ್ನು ಅಲ್ಲಗಳೆಯಲೂ ಆಗದು.

1943ರ ಏಪ್ರಿಲ್ 1ರಂದು ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ ಮಹದೇವಪ್ಪನವರ ತಂಡ ಕಂದಾಯದ ಹಣದ ಮೇಲೆ ದಾಳಿ ಮಾಡಿತು. ಆ ಹಣವನ್ನು ಇರಿಸಿದ್ದು ವೀರಭದ್ರನ ಗುಡಿಯಲ್ಲಿ, ಪೊಲೀಸರ ಕಾವಲಿನಲ್ಲಿ. ಪೊಲೀಸರ ಗುಂಡಿಗೆ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಬಲಿಯಾದರು. ಮಹದೇವಪ್ಪನವರಿಗೆ ಆಗ 31 ವರ್ಷ. ದೇವರ ಗುಡಿ ಸರಕಾರದ ಖಜಾನೆಯಾಗಿತ್ತು, ಗಾಂಧಿಯ ಶಿಷ್ಯ ದಾಳಿಗಾರನಾಗಿದ್ದ. ಎರಡು ಕಡೆಯವರೂ ತಮ್ಮ ತಮ್ಮ ಜಾಗ ಬಿಟ್ಟು ಸರಿದು ಬಂದದ್ದು ಆ ದಿನ ಕಾಣುತ್ತದೆ.

ಮರುವರ್ಷ ಮೇ ತಿಂಗಳಲ್ಲಿ ಗಾಂಧೀಜಿ ಬಿಡುಗಡೆಯಾದರು. ಗುಟ್ಟು ಪಾಪ, ಅದು ಹಿಂಸೆಯದೇ ಲಕ್ಷಣ ಎಂದು ಹೇಳಿ, ಭೂಗತರೆಲ್ಲ ಹೊರಬಂದು ಶರಣಾಗಲಿ ಎಂದು ಸಲಹೆ ಕೊಟ್ಟರು. ದಿವಾಕರರು ಆ ಮಾತಿಗೆ ಓಗೊಟ್ಟು ತಾವಾಗಿ ಸರಕಾರಕ್ಕೆ ಒಪ್ಪಿಸಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರೂ ಆದರು. ಹೊಸರಿತ್ತಿಯ ಮೂವರಿಗೆ ಆ ಸಲಹೆ ಕೇಳುವ, ಅದನ್ನು ಒಪ್ಪುವ ಅಥವಾ ಎದುರಾಡುವ ಅವಕಾಶ ಸಿಗಲೇ ಇಲ್ಲ. ಸಿಕ್ಕಿದ್ದರೆ ಎದುರಾಡಲು ಕಾರಣಗಳಿದ್ದವು. ಪತ್ರಿಕೆಗಳ ಬಾಯಿ ಕಟ್ಟಿ, ಸಭೆಗಳನ್ನು ನಿಷೇಧಿಸಿ, ಎಲ್ಲ ಬಾಗಿಲು ಮುಚ್ಚಿದ ಆಳ್ವಿಕೆಯಲ್ಲಿ ಬಯಲಿಗೆ ಬಂದವನ ಮಾತು ಜೈಲಿನ ಗೋಡೆಗೆ ಮಾತ್ರ ಕೇಳುತ್ತದೆ. ಆಗ ಮಾತು ವೇಷ ಮರೆಸಿಯೇ ಹೊರಬರಬೇಕಿತ್ತು. 1943ರ ಹಿಂದಿ ಸಿನಿಮಾ ‘ಕಿಸ್ಮತ್’, ಹೊರಗಿನವರನ್ನು ತೊಲಗಿ ಎನ್ನುವ ತನ್ನ ಹೆಸರಾಂತ ಹಾಡಿನಲ್ಲಿ ಜರ್ಮನ್, ಜಪಾನಿಗಳ ಹೆಸರು ಹೇಳಿ ಸೆನ್ಸಾರಿನ ಕೈಯಿಂದ ಪಾರಾಯಿತು. ಯಾರನ್ನು ತೊಲಗು ಎನ್ನುತ್ತಿದ್ದಾರೆಂದು ಜನಕ್ಕೆ ಗೊತ್ತಿತ್ತು. ವೇಷ ಹಾಕಿ ಬಂದರೂ ಅದು ನಿಜದ ಮಾತೇ ಆಗಿತ್ತು.

ಗುಟ್ಟು ಪಾಪ, ಗುಟ್ಟು ಅನಿವಾರ್ಯ ಎಂಬ ಈ ಎರಡು ವಾದಗಳಲ್ಲಿ ಒಂದನ್ನು ಅಳಿಸಿಹಾಕದೆ ಕಥೆ ಹೇಳುವುದು ಸಾಧ್ಯವೆಂದು ನಮ್ಮ ಮಹಾಭಾರತ ತೋರಿಸಿಕೊಟ್ಟಿದೆ. ಪಾಂಡವರ ಪಕ್ಷ ವಹಿಸಿದ ಕಥೆ ಅದು. ಆದರೂ ದ್ರೋಣನನ್ನು ಕೆಡವಲು ಧರ್ಮರಾಯ ಅಶ್ವತ್ಥಾಮನ ಸಾವಿನ ಅರೆಸುಳ್ಳು ನುಡಿದದ್ದನ್ನೂ, ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಗಳಿಗೆಗೆ ನೆಲ ಮುಟ್ಟಿದ್ದನ್ನೂ ವ್ಯಾಸರು ಮುಚ್ಚಿಡಲಿಲ್ಲ. ಗೆದ್ದವನ ಸುಳ್ಳನ್ನು ಗೆದ್ದವನ ಕಥೆಯೇ ಕಾಪಾಡಿಕೊಂಡಿದೆ. ಹಿಚ್‌ಕಾಕನ ನಾಯಕನ ರಥ ಎಲ್ಲಿಯೂ ನೆಲ ಮುಟ್ಟುವುದಿಲ್ಲ. ಪ್ರಚಾರಕ್ಕೂ ಪುರಾಣಕ್ಕೂ ಇರುವ ಅಂತರವನ್ನು ಇಲ್ಲಿ ಹುಡುಕಬೇಕು.

ಇಂದು ಹಾವೇರಿ ಸೀಮೆಯ ಭಾಷಣಗಳಲ್ಲಿ ಮೈಲಾರ ಮಹದೇವಪ್ಪನವರು ಬಹುಮಟ್ಟಿಗೆ ಸಾಹಸದ ಕಥೆಯ ನಾಯಕರಾಗಿ ಬರುತ್ತಾರೆ: ದಾಳಿ, ಗುಂಡು, ಬಲಿದಾನ. ದಂಡಿಯ ಹುಡುಗ ಹೊಸರಿತ್ತಿಗೆ ಬಂದು ಮುಟ್ಟಿದ್ದು ಹೇಗೆ, ಆ ದಾರಿಯಲ್ಲಿ ಅವನ ಮನಸ್ಸಿನೊಳಗೆ ಏನು ಹೊಯ್ದಾಡಿರಬೇಕು ಎಂದು ಕೇಳುವವರು ಕಡಿಮೆ. ಹೀಗೆ ಕೇಳಿದರೆ ಹುತಾತ್ಮರಿಗೆ ಅಗೌರವ ಎಂಬ ಅಳುಕು ಬೇಡ. ಕೇಳದಿದ್ದರೆ ಪ್ರಾಣ ಕೊಟ್ಟವರನ್ನು ಬರೀ ಭಿತ್ತಿಚಿತ್ರ ಮಾಡಿದಂತಾಗುತ್ತದೆ. ಅದೇ ಹೊಸರಿತ್ತಿಯಲ್ಲಿ ಗಾಂಧಿ ತತ್ವದ ಮೇಲೆ ನಡೆಯುವ ಗಾಂಧಿ ಗ್ರಾಮೀಣ ಗುರುಕುಲವಿದೆ. ಅಲ್ಲಿಯ ಮಕ್ಕಳಿಗೆ 1943ರ ಗುಡಿಯ ದಾಳಿಯನ್ನೂ 1944ರ ಗಾಂಧೀಜಿಯ ಸಲಹೆಯನ್ನೂ ಒಟ್ಟಿಗೆ ಓದಿಸಿ, ಯಾವುದು ಸರಿ ಎಂಬ ಚರ್ಚೆಯನ್ನು ಅವರಿಗೇ ಬಿಡಬಹುದು. ಹಾವೇರಿಯಲ್ಲಿರುವ ಈ ಹುತಾತ್ಮರ ಸ್ಮಾರಕದಲ್ಲಿಯೂ ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಬರೆಸಬಹುದು.