ನಮ್ಮವರು ಎಂದರೆ ಯಾರು?

ಹಿರಿಯರ ಗುರುತು ಹುಡುಕಿಕೊಂಡು ಊರಿಗೆ ಹೋಗುವವರು ನಿಜವಾಗಿ ಹುಡುಕುವುದು ಏನನ್ನು? ಹೆಸರನ್ನೇ, ಮಣ್ಣನ್ನೇ, ಇಲ್ಲಾ ತಮ್ಮ ಬಗ್ಗೆ ಹೇಳಿಕೊಳ್ಳಲು ಒಂದು ಒಳ್ಳೆಯ ಕತೆಯನ್ನೇ? ಹಾವೇರಿ ಸೀಮೆಯ ನಮ್ಮ ಹಳ್ಳಿಯ ರುದ್ರಭೂಮಿ ನೋಡಿಬಂದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಲಿಂಗಾಯತರಲ್ಲಿ ಹೂಳುವುದು ರೂಢಿ. ದೇಹವನ್ನು ಕುಳಿತ ಭಂಗಿಯಲ್ಲಿ ಗುಣಿಗೆ ಇಳಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ, ಪತ್ರಿ ಹಾಕಿ ಮಣ್ಣು ಕೊಡುತ್ತಾರೆ. ಮಠದ ಗುರುಗಳಿಗಾದರೆ ಗದ್ದುಗೆ ಏಳುತ್ತದೆ. ಒಕ್ಕಲುತನದವರ ಗುಣಿಯ ಮೇಲೆ ನಾಲ್ಕು ಕಲ್ಲು ಉಳಿದಿದ್ದರೆ ಅದೇ ಹೆಚ್ಚು. ಜಾಲಿಗಿಡಗಳ ನಡುವೆ ನಿಂತು, ಮುತ್ತಜ್ಜನ ಗುಣಿ ಯಾವುದು ಎಂದು ಜೊತೆಗೆ ಬಂದಿದ್ದ ಕಾಕಾನನ್ನು ಕೇಳಿದೆ.

‘ಹೆಂಗ ಹೇಳೂದು ತಮ್ಮಾ? ಹೂಳಿದ ಜಾಗಾದಾಗನ ಮತ್ತ ಹೂಳೇವಿ. ಇಲ್ಲಿ ಇರೋರೆಲ್ಲಾ ನಮ್ಮವರ.’

ಈ ಮಾತಿನ ಹಿಂದೆ ಒಂದು ತತ್ವವಿದೆ. ಸತ್ತವನನ್ನು ನಾವು ಲಿಂಗೈಕ್ಯ ಎನ್ನುತ್ತೇವೆ. ಲಿಂಗದಲ್ಲಿ ಒಂದಾದವನು ಬೇರೆಯಾಗಿ ಉಳಿದಿಲ್ಲವೆಂದ ಮೇಲೆ ಅವನಿಗೆ ಗುರುತಿನ ಕಲ್ಲು ಯಾತಕ್ಕೆ?

ಆದರೂ ಹೆಸರಿನ ಆಸೆ ಬಿಡುವುದಿಲ್ಲ. ಅದಕ್ಕೇ ಉತ್ತರ ಕರ್ನಾಟಕದಲ್ಲಿ ಹೆಳವರಿದ್ದಾರೆ. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಮನೆಮನೆಯ ವಂಶಾವಳಿ ಹೇಳಿ, ಕಾಳುಕಡಿ ಪಡೆಯುತ್ತಿದ್ದವರು. ಕಲ್ಲು ಉಳಿಸಿಕೊಳ್ಳದ ಹೆಸರನ್ನು ಅವರ ನಾಲಗೆ ಉಳಿಸಿತು. ನಮ್ಮ ಮನೆಯ ಏಳು ತಲೆಮಾರನ್ನು ಹೆಳವರ ಬಾಯಲ್ಲಿ ಕೇಳಿ ನಾನು ಹಿಗ್ಗಿದ್ದುಂಟು. ಆಮೇಲೆ ಲೆಕ್ಕ ಹಾಕಿದೆ. ಒಬ್ಬನಿಗೆ ತಂದೆ ತಾಯಿ 2, ಅಜ್ಜ ಅಜ್ಜಿಯರು 4. ಹೀಗೆ ಏಳನೆಯ ಮೆಟ್ಟಿಲಿಗೆ 128 ಜನ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮಲ್ಲಿ ಈ ಸಂಖ್ಯೆ ಒಂದಿಷ್ಟು ಕುಗ್ಗೀತು. ಆದರೂ ನನಗೆ ಸಿಕ್ಕಿದ್ದು ಆ ಮೆಟ್ಟಿಲಿನ ಒಂದೇ ಹೆಸರು, ಅದೂ ಗಂಡಸಿನದು. ಮಿಕ್ಕವರ ರಕ್ತವೂ ನನ್ನಲ್ಲಿದೆ, ಹೆಸರಿಲ್ಲ. ಅವರಲ್ಲಿ ಅರ್ಧದಷ್ಟು ಜನ ಹೆಂಗಸರು.

ಹೆಣ್ಣಿಗೆ ನಮ್ಮಲ್ಲಿ ಕಲ್ಲು ನಿಲ್ಲಿಸಿಯೇ ಇಲ್ಲವೆಂದಲ್ಲ. ಬಳೆ ತೊಟ್ಟ ಕೈ ಮೇಲೆತ್ತಿರುವ ಮಾಸ್ತಿಗಲ್ಲುಗಳನ್ನು ಕರ್ನಾಟಕದ ಎಷ್ಟೋ ಊರುಗಳಲ್ಲಿ ಕಾಣಬಹುದು. ಆದರೆ ಅವು ಗಂಡನ ಹಿಂದೆಯೇ ಪ್ರಾಣ ಬಿಟ್ಟವರ ಕಲ್ಲುಗಳು. ಗಂಡ ಸತ್ತ ಮೇಲೂ ಬದುಕಿ, ಹೊಲ ಮಾಡಿ, ಮಕ್ಕಳನ್ನು ಸಾಕಿದವಳಿಗೆ ಅಂಥ ಕಲ್ಲಿಲ್ಲ. ನಾವು ಇದ್ದೇವೆಂದರೆ ಹಾಗೆ ಬದುಕಿ ಉಳಿದವರಿಂದಲೇ ಅಲ್ಲವೇ?

ಇನ್ನು ಕಾಕಾ ಹೇಳಿದ ‘ಎಲ್ಲಾ ನಮ್ಮವರ’ ಎಂಬ ಮಾತು. ಆ ‘ಎಲ್ಲಾ’ ಹಳ್ಳದ ದಂಡೆಗೆ ಬಂದು ನಿಲ್ಲುತ್ತದೆ. ಹಳ್ಳದ ಆಚೆ ದಲಿತರ ಕೇರಿಯವರು ಹೂಳುವ ತುಂಡು ಜಾಗ. ಮಳೆಗಾಲದಲ್ಲಿ ಹೆಣ ಹೊತ್ತವರು ನೀರಿಗಿಳಿದೇ ದಾಟಬೇಕು. ನನ್ನ ಮುತ್ತಜ್ಜನ ಹೊಲದಲ್ಲಿ ದುಡಿದವರು, ನಮ್ಮವರಿಗಾಗಿ ಗುಣಿ ತೋಡಿದವರು ಅಲ್ಲಿದ್ದಾರೆ. ರಕ್ತದ ಲೆಕ್ಕದಲ್ಲಿ ಅವರು ನನ್ನ ಪೂರ್ವಜರಲ್ಲದಿರಬಹುದು. ಋಣದ ಲೆಕ್ಕದಲ್ಲಿ?

ಪೂರ್ವಜರನ್ನು ನಾವು ಹುಡುಕುವುದಕ್ಕಿಂತ ಹೆಚ್ಚಾಗಿ ಆರಿಸಿಕೊಳ್ಳುತ್ತೇವೆ. ಹೆಮ್ಮೆ ತರುವ ಒಬ್ಬನನ್ನು ಹಿಡಿದು ಉಳಿದವರನ್ನು ಮಣ್ಣಿಗೆ ಬಿಡುತ್ತೇವೆ. ಹಿರಿಯರ ಹೊಲ ನನ್ನದು ಎನ್ನುವವನು ಅವರು ತೀರಿಸದ ಸಾಲವೂ ನನ್ನದು ಎನ್ನಬೇಕಾಗುತ್ತದೆ. ಅವರ ತಪ್ಪಿಗೆ ನಾನು ಅಪರಾಧಿಯಲ್ಲ, ನಿಜ. ಆದರೆ ಅದರ ಫಲ ಉಣ್ಣುತ್ತಿರುವವನಿಗೆ ಬಾಧ್ಯತೆ ತಪ್ಪುವುದಿಲ್ಲ.

ಸತ್ತವರಿಗೆ ಈಗ ನಾವು ಕೊಡಬಹುದಾದದ್ದು ಏನೂ ಇಲ್ಲ. ಕೊಡುವುದಿದ್ದರೆ ಇರುವವರಿಗೇ ಕೊಡಬೇಕು. ಮುಂದಿನ ಸಲ ವಂಶಾವಳಿ ಬರೆಸುವಾಗ ಅಜ್ಜಿಯ ಹೆಸರನ್ನೂ ಅವಳ ತವರನ್ನೂ ಹೇಳಿ ಬರೆಸಬಹುದು. ಹಳ್ಳದ ಆಚೆಯವರು ಸ್ಮಶಾನಕ್ಕೆ ದಾರಿ ಬೇಕೆಂದು ಪಂಚಾಯ್ತಿಯಲ್ಲಿ ಕೇಳಿದ ದಿನ, ನಮ್ಮ ಮನೆತನದವರು ಎದ್ದು ನಿಂತು ಹೌದೆನ್ನಬಹುದು. ‘ಎಲ್ಲಾ ನಮ್ಮವರ’ ಎಂಬ ಮಾತು ನಿಜವಾಗುವುದಿದ್ದರೆ ಅಲ್ಲಿಂದ.